ಸೊಂಟದ ಕತ್ತಿಯೂ ಡಬ್ಬಿಯೊಳಗಿನ ಕಾಡೂ

ಮಲೆನಾಡಿನಲ್ಲಿ ಕಾಡಿಗೆ ಹೊರಟವನ ಸಲಕರಣೆ ಬಹುಕಾಲ ಒಂದೇ ರೀತಿಯಾಗಿತ್ತು. ಸೊಂಟದ ಹಿಂಬದಿಗೆ ಕಟ್ಟಿದ ಕೊಕ್ಕೆ, ಕೊಕ್ಕೆಗೆ ಸಿಕ್ಕಿಸಿದ ಕತ್ತಿ, ತಲೆಯ ಮೇಲೆ ಕಂಬಳಿಕೊಪ್ಪೆ ಅಥವಾ ಹಾಳೆಯ ಟೋಪಿ, ಮಡಿಲಲ್ಲಿ ಎಲೆ-ಅಡಿಕೆಯ ಸಂಚಿ. ಸಂಚಿಯೊಳಗೆ ಸುಣ್ಣದ ಡಬ್ಬಿ, ಹೊಗೆಸೊಪ್ಪು, ಒಂದು ಬೆಂಕಿಪೊಟ್ಟಣ. ಸುಣ್ಣ ಮತ್ತು ಹೊಗೆಸೊಪ್ಪು ಬಾಯಿಗೂ ಆಗುತ್ತಿದ್ದವು, ಕಾಲಿಗೆ ಹತ್ತಿದ ಉಂಬಳ ಬಿಡಿಸುವುದಕ್ಕೂ ಆಗುತ್ತಿದ್ದವು. ಕತ್ತಿ ದಾರಿ ಸವರುತ್ತಿತ್ತು, ಬಳ್ಳಿ ಕಡಿಯುತ್ತಿತ್ತು, ಹೊಳೆ ದಾಟುವಾಗ ಊರುಗೋಲನ್ನು ಕೊಡುತ್ತಿತ್ತು. ಈ ಇಡೀ ಸಲಕರಣೆಗೆ ಹೆಸರಿರಲಿಲ್ಲ. ಹೆಸರಿಡುವ ಅಗತ್ಯ ಯಾರಿಗೂ ಬಿದ್ದಿರಲಿಲ್ಲ.

ಈಗ ಅದಕ್ಕೆ ಹೆಸರಿದೆ, ಬೆಲೆಯಿದೆ, ಬಣ್ಣದ ಡಬ್ಬಿಯಿದೆ. ‘ಸರ್ವೈವಲ್ ಕಿಟ್’ ಎಂಬ ಹೆಸರಿನಲ್ಲಿ ಮಾರಾಟವಾಗುವ ಅಂಗೈಯಗಲದ ಪೆಟ್ಟಿಗೆಯೊಳಗೆ ಗಾಳ, ಉರುಳಿನ ತಂತಿ, ತಂತಿ ಗರಗಸ, ಬೆಂಕಿಕಡ್ಡಿಯ ಬದಲು ಕಿಡಿ ಹಾರಿಸುವ ಲೋಹದ ಸರಳು, ಗುಂಡಿಯಷ್ಟು ದಿಕ್ಸೂಚಿ, ಹಾವು ಕಡಿತಕ್ಕೆಂದು ಬ್ಲೇಡು ಮತ್ತು ರಕ್ತ ಹೀರುವ ಬಟ್ಟಲು. ಜೊತೆಗೆ ಸೊಂಟಪಟ್ಟಿಗೆ ತೂಗುಹಾಕಲು ಹಲ್ಲುಗಳಿರುವ ದಪ್ಪ ಚಾಕು. ಇದನ್ನು ಕೊಂಡ ಯುವಕ ಪಶ್ಚಿಮಘಟ್ಟದ ಯಾವುದೇ ಕಾಡನ್ನು ಗೆದ್ದು ಬರಬಲ್ಲನೆಂಬುದು ಮಾರುವವರ ಭರವಸೆ. ಈ ಭರವಸೆ ಸುಳ್ಳು. ಡಬ್ಬಿಯಲ್ಲಿರುವ ವಸ್ತುಗಳಲ್ಲಿ ಅರ್ಧದಷ್ಟು ಈ ಬೆಟ್ಟಗಳಲ್ಲಿ ನಿರುಪಯೋಗಿ, ಕೆಲವು ಕಾನೂನುಬಾಹಿರ, ಒಂದೆರಡು ಪ್ರಾಣಾಂತಿಕ. ಜೀವ ಉಳಿಸುವ ವಸ್ತುಗಳು ಅದರಲ್ಲಿ ಬಹುಮಟ್ಟಿಗೆ ಇಲ್ಲವೇ ಇಲ್ಲ.

ಪಟ್ಟಿ ಹುಟ್ಟಿದ್ದು ಎಲ್ಲಿ?

ಈ ಡಬ್ಬಿಯ ವಂಶಾವಳಿಯನ್ನು ಅರಿತರೆ ಅದರ ಸ್ವಭಾವ ಅರ್ಥವಾಗುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಶತ್ರುನೆಲದ ಮೇಲೆ ಉರುಳಿದ ವಿಮಾನದಿಂದ ಪಾರಾದ ಸೈನಿಕನಿಗೆ ಕಿಸೆಯಲ್ಲಿ ಅಡಗಿಸಿಕೊಳ್ಳಲು ಇಂಥ ಪುಟ್ಟ ಪೆಟ್ಟಿಗೆಗಳನ್ನು ಕೊಡಲಾಗುತ್ತಿತ್ತು. ಅವನು ಯಾರ ಕಣ್ಣಿಗೂ ಬೀಳದೆ, ಯಾರ ನೆರವನ್ನೂ ಕೇಳದೆ, ವಾರಗಟ್ಟಲೆ ಬದುಕಿ ತನ್ನ ಸೇನೆಯನ್ನು ಸೇರಬೇಕಿತ್ತು. ಬ್ರಿಟನ್ನಿನ ವಿಶೇಷ ಪಡೆಯಲ್ಲಿ ತರಬೇತುದಾರನಾಗಿದ್ದ ಜಾನ್ ವೈಸ್‌ಮನ್ 1986ರಲ್ಲಿ ಪ್ರಕಟಿಸಿದ ‘ಎಸ್‌ಎಎಸ್ ಸರ್ವೈವಲ್ ಹ್ಯಾಂಡ್‌ಬುಕ್’ ಎಂಬ ಪುಸ್ತಕ ತಗಡಿನ ಡಬ್ಬಿಯ ಪಟ್ಟಿಯನ್ನು ಜಗತ್ತಿನ ಮನೆಮನೆಗೆ ತಲುಪಿಸಿತು. ಗಾಳ, ಉರುಳು, ತಂತಿ ಗರಗಸ ಎಲ್ಲವೂ ಆ ಪಟ್ಟಿಯಲ್ಲಿವೆ. ಸೈನಿಕನಿಗೆ ಅದು ಸರಿಯಾದ ಪಟ್ಟಿಯೇ ಇರಬಹುದು. ಆದರೆ ಶನಿವಾರ ಬೆಳಿಗ್ಗೆ ಬೆಟ್ಟ ಹತ್ತಿ ಭಾನುವಾರ ಸಂಜೆ ಬಸ್ಸು ಹಿಡಿಯುವವನಿಗೆ ಶತ್ರುನೆಲ ಯಾವುದು? ಅವನು ಯಾರಿಂದ ಅಡಗಿಕೊಳ್ಳಬೇಕಾಗಿದೆ?

ಚಾಕುವಿನ ಕಥೆಯೂ ಹೀಗೆಯೇ. 1982ರಲ್ಲಿ ಬಂದ ‘ಫಸ್ಟ್ ಬ್ಲಡ್’ ಎಂಬ ಅಮೆರಿಕದ ಚಲನಚಿತ್ರದ ನಾಯಕನ ಕೈಯಲ್ಲಿ ಟೊಳ್ಳು ಹಿಡಿಯ ಚಾಕುವಿತ್ತು. ಹಿಡಿಯೊಳಗೆ ಸೂಜಿ, ದಾರ, ಬೆಂಕಿಕಡ್ಡಿ. ಅದರ ಅಗ್ಗದ ನಕಲುಗಳು ಇಂದಿಗೂ ಮಾರುಕಟ್ಟೆಯಲ್ಲಿವೆ. ಹಿಡಿ ಟೊಳ್ಳಾಗಬೇಕಾದರೆ ಅಲಗಿನ ಬಾಲ ಗಿಡ್ಡವಾಗಲೇಬೇಕು. ಅಲಗು ಮತ್ತು ಹಿಡಿ ಸೇರುವ ಜಾಗದಲ್ಲಿಯೇ ಇಂಥ ಅಗ್ಗದ ಚಾಕು ಮುರಿಯುತ್ತದೆ. ಕತ್ತಿಯ ಹೊಟ್ಟೆಯೊಳಗೆ ಇಡೀ ಸಂಸಾರವನ್ನು ತುಂಬಲು ಹೋಗಿ ಕತ್ತಿಯನ್ನೇ ಕೆಡಿಸಿದಂತಾಯಿತು.

ಕತ್ತಿಯನ್ನು ನಡುವಿಗಿಟ್ಟು ಅದರ ಸುತ್ತ ಪುಟ್ಟ ಸಲಕರಣೆ ಜೋಡಿಸುವ ಕಲ್ಪನೆ ಮಾತ್ರ ಹಳೆಯದು, ಗೌರವಾರ್ಹವಾದದ್ದು. ಆಸ್ಟ್ರಿಯ-ಇಟಲಿ ಗಡಿಯ ಆಲ್ಪ್ಸ್ ಹಿಮದಲ್ಲಿ 1991ರಲ್ಲಿ ದೊರೆತ, ಸುಮಾರು 5,300 ವರ್ಷಗಳ ಹಿಂದಿನ ಮನುಷ್ಯನ ದೇಹದೊಂದಿಗೆ ಅಂಥದೊಂದು ಸಲಕರಣೆ ಸಿಕ್ಕಿತು. ನಾರಿನಿಂದ ಹೆಣೆದ ಒರೆಯಲ್ಲಿ ಚಕಮಕಿ ಕಲ್ಲಿನ ಕಿರುಗತ್ತಿ, ಸೊಂಟದ ಚೀಲದಲ್ಲಿ ಕಲ್ಲಿನ ಚೂರುಗಳು, ಮೂಳೆಯ ದಬ್ಬಳ, ಕಿಡಿ ಹಿಡಿಯುವ ಒಣ ಅಣಬೆ, ಭೂರ್ಜದ ತೊಗಟೆಯ ಪಾತ್ರೆಯಲ್ಲಿ ಕೆಂಡವನ್ನು ಎಲೆಯಲ್ಲಿ ಸುತ್ತಿ ಒಯ್ದ ಗುರುತು. ಪ್ರತಿಯೊಂದೂ ಅವನ ಬೆಟ್ಟದ್ದೇ. ನೇಪಾಳದ ಖುಕುರಿಯ ಒರೆಯಲ್ಲಿ ಎರಡು ಪುಟ್ಟ ಸಂಗಾತಿಗಳಿರುತ್ತವೆ: ಸಣ್ಣ ಕೆಲಸಕ್ಕೆ ಕರ್ದಾ, ಅಲಗು ತೀಡಲು ಮತ್ತು ಕಿಡಿ ಹಾರಿಸಲು ಚಕ್ಮಕ್. ಅದೂ ಅಲ್ಲಿನ ಬೆಟ್ಟದಿಂದಲೇ ಹುಟ್ಟಿದ್ದು. ಮಲೆನಾಡಿನ ಕತ್ತಿ ಮತ್ತು ಎಲೆ-ಅಡಿಕೆಯ ಸಂಚಿ ಇದೇ ಕುಲಕ್ಕೆ ಸೇರಿದವು. ಒಳ್ಳೆಯ ಸಲಕರಣೆ ಯಾವಾಗಲೂ ಒಂದು ನಿರ್ದಿಷ್ಟ ನೆಲದ ಉತ್ತರ. ಎಲ್ಲ ನೆಲಕ್ಕೂ ಸಲ್ಲುವ ಡಬ್ಬಿ ಯಾವ ನೆಲಕ್ಕೂ ಸಲ್ಲದು.

ಆಲ್ಪ್ಸಿನ ಆ ಮನುಷ್ಯ ಸತ್ತದ್ದು ಸಲಕರಣೆಯ ಕೊರತೆಯಿಂದಲ್ಲ. ಅವನ ಭುಜದಲ್ಲಿ ಬಾಣದ ಮೊನೆ ಹೊಕ್ಕಿರುವುದು 2001ರಲ್ಲಿ ಪತ್ತೆಯಾಯಿತು. ಅವನನ್ನು ಕೊಂದದ್ದು ಕಾಡಲ್ಲ, ಮನುಷ್ಯ.

ಹಸಿವಿನ ಭಯ, ಉರುಳಿನ ವ್ಯಾಪಾರ

ಅಪಾಯದ ಸಂದರ್ಭಗಳನ್ನು ಅಳೆಯಲು ಒಂದು ಸ್ಥೂಲ ಲೆಕ್ಕ ಬಳಕೆಯಲ್ಲಿದೆ: ಉಸಿರಿಲ್ಲದೆ ಮೂರು ನಿಮಿಷ, ತೀವ್ರ ಚಳಿ-ಮಳೆಗೆ ಮೈಯೊಡ್ಡಿ ಮೂರು ಗಂಟೆ, ನೀರಿಲ್ಲದೆ ಮೂರು ದಿನ, ಅನ್ನವಿಲ್ಲದೆ ಮೂರು ವಾರ. ಇದು ಕರಾರುವಾಕ್ಕಾದ ವಿಜ್ಞಾನವಲ್ಲ. ಯಾವುದನ್ನು ಮೊದಲು ನೋಡಿಕೊಳ್ಳಬೇಕೆಂಬುದನ್ನು ಮಾತ್ರ ಅದು ಸರಿಯಾಗಿ ಹೇಳುತ್ತದೆ. ಗಾಳ ಮತ್ತು ಉರುಳು ಮೂರು ವಾರದ ಚಿಂತೆಗೆ ಸೇರಿದವು. ಪಶ್ಚಿಮಘಟ್ಟದ ಕಾಡುಗಳು ಸೈಬೀರಿಯವಲ್ಲ. ಒಂದೆರಡು ದಿನದ ನಡಿಗೆಯೊಳಗೆ ಒಂದು ತೋಟವೋ, ಗದ್ದೆಯೋ, ರಸ್ತೆಯೋ, ಅರಣ್ಯ ಇಲಾಖೆಯ ಕಾವಲು ಶಿಬಿರವೋ ಎದುರಾಗುವ ನಾಡು ಇದು. ಇಲ್ಲಿ ದಾರಿ ತಪ್ಪಿದವನನ್ನು ಹಸಿವು ಕೊಲ್ಲುವುದಿಲ್ಲ. ಜಾರುಬಂಡೆ ಕೊಲ್ಲುತ್ತದೆ, ಉಕ್ಕಿದ ಹಳ್ಳ ಕೊಲ್ಲುತ್ತದೆ, ತೊಯ್ದ ಮೈಯ ಮೇಲೆ ರಾತ್ರಿಯಿಡೀ ಬೀಸುವ ಗಾಳಿ ಕೊಲ್ಲುತ್ತದೆ. ಈ ಮೂರಕ್ಕೂ ಗಾಳದಲ್ಲಿ ಉತ್ತರವಿಲ್ಲ.

ಉರುಳಿನ ತಂತಿಯ ವಿಷಯದಲ್ಲಿ ಮಾತು ಇನ್ನೂ ಕಟುವಾಗಬೇಕು. ಕಾಡುಹಂದಿಗೆಂದು ಬೇಲಿಯಂಚಿನಲ್ಲಿ ಒಡ್ಡಿದ ಬ್ರೇಕ್ ತಂತಿಯ ಉರುಳಿಗೆ ಸಿಕ್ಕಿ ಚಿರತೆಗಳು, ಹುಲಿಗಳು ಸೊಂಟ ಕತ್ತರಿಸಿಕೊಂಡು ಸತ್ತ ಪ್ರಸಂಗಗಳು ಕಾಫಿಸೀಮೆಗೆ ಹೊಸವಲ್ಲ. ಹಳ್ಳಿಯವನ ಕೈಯಲ್ಲಿ ಆ ತಂತಿ ಸಿಕ್ಕರೆ ಮೊಕದ್ದಮೆ. ಪಟ್ಟಣದವನ ಬೆನ್ನುಚೀಲದಲ್ಲಿ ಅದೇ ತಂತಿಗೆ ‘ಸಾಹಸ’ ಎಂಬ ಹೆಸರು. ವನ್ಯಜೀವಿ (ಸಂರಕ್ಷಣಾ) ಕಾಯ್ದೆ, 1972ರ ವ್ಯಾಖ್ಯೆಯಲ್ಲಿ ‘ಆಯುಧ’ವೆಂದರೆ ಬಂದೂಕು ಮಾತ್ರವಲ್ಲ, ಕೊಕ್ಕೆ-ಗಾಳ, ಚಾಕು, ಬಲೆ, ವಿಷ, ಉರುಳು, ಬೋನು ಎಲ್ಲವೂ ಅದರೊಳಗೆ ಬರುತ್ತವೆ. ಲಿಖಿತ ಅನುಮತಿಯಿಲ್ಲದೆ ಯಾವ ಆಯುಧವನ್ನೂ ಹಿಡಿದು ಅಭಯಾರಣ್ಯ ಪ್ರವೇಶಿಸಬಾರದೆಂದು ಅದೇ ಕಾಯ್ದೆಯ 31ನೆಯ ಕಲಮು ಹೇಳುತ್ತದೆ. ಅಂದರೆ ಬಣ್ಣದ ಡಬ್ಬಿಯೊಂದಿಗೆ ಅಭಯಾರಣ್ಯ ಹೊಕ್ಕವನು ತನ್ನ ಜೀವ ಉಳಿಸಿಕೊಳ್ಳುವ ಮೊದಲೇ ಕಾನೂನು ಮುರಿದಿರುತ್ತಾನೆ. ಈ ಮಾತನ್ನು ಡಬ್ಬಿಯ ಮೇಲೆ ಯಾರೂ ಅಚ್ಚು ಹಾಕುವುದಿಲ್ಲ.

ಹಾವು ಕಡಿತ ಮತ್ತು ಬ್ಲೇಡು

ಡಬ್ಬಿಯಲ್ಲಿರುವ ಅತ್ಯಂತ ಅಪಾಯಕಾರಿ ವಸ್ತು ಹಾವು ಕಡಿತಕ್ಕೆಂದು ಇಟ್ಟಿರುವ ಬ್ಲೇಡು. 2000ದಿಂದ 2019ರವರೆಗಿನ ಎರಡು ದಶಕಗಳಲ್ಲಿ ಭಾರತದಲ್ಲಿ ಹಾವು ಕಡಿತದಿಂದ ಸುಮಾರು 12 ಲಕ್ಷ ಜನ ಸತ್ತರೆಂದು ಸಂಶೋಧಕರು 2020ರಲ್ಲಿ ಅಂದಾಜು ಮಾಡಿದರು. ಅವರಲ್ಲಿ ಹೆಚ್ಚಿನವರು ಚಾರಣಿಗರಲ್ಲ. ಗದ್ದೆ-ತೋಟಗಳಲ್ಲಿ ಬರಿಗಾಲಲ್ಲಿ ದುಡಿಯುವ ಹಳ್ಳಿಗರು. ಕರ್ನಾಟಕ ಸರ್ಕಾರ 2024ರ ಫೆಬ್ರವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಸಾಲಿಗೆ ಸೇರಿಸಿತು. ಇಷ್ಟು ಗಂಭೀರವಾದ ವಿಷಯಕ್ಕೆ ಡಬ್ಬಿ ಕೊಡುವ ಪರಿಹಾರ, ಕಡಿದ ಜಾಗವನ್ನು ಕೊಯ್ದು ರಕ್ತ ಹೀರುವುದು!

ಕೊಯ್ದರೆ ವಿಷ ಹೊರಬರುವುದಿಲ್ಲ. ಕೊಳಕುಮಂಡಲದ ವಿಷ ರಕ್ತ ಹೆಪ್ಪುಗಟ್ಟುವ ಶಕ್ತಿಯನ್ನೇ ಕೆಡಿಸುತ್ತದೆ. ಅಂಥ ಮೈಯ ಮೇಲೆ ಮಾಡಿದ ಗಾಯದಿಂದ ರಕ್ತ ನಿಲ್ಲದೆ ಹರಿಯುತ್ತದೆ. ಬಿಗಿಯಾಗಿ ಹಗ್ಗ ಬಿಗಿದರೆ ಕೈಕಾಲು ಕೊಳೆಯುವ ಅಪಾಯವಿದೆ. ಮಾಡಬೇಕಾದದ್ದು ಸರಳ: ಉಂಗುರ, ಬಳೆ, ಕಾಲ್ಗಡಗಗಳನ್ನು ತೆಗೆಯುವುದು; ಕಡಿತಕ್ಕೊಳಗಾದ ಅಂಗ ಅಲುಗಾಡದಂತೆ ದಬ್ಬೆ ಕಟ್ಟುವುದು; ನಡೆಸದೆ ಹೊತ್ತುಕೊಂಡು ಪ್ರತಿವಿಷ ದೊರೆಯುವ ಆಸ್ಪತ್ರೆಗೆ ಮುಟ್ಟಿಸುವುದು. ಕತ್ತಿಗೆ ಇಲ್ಲಿ ಕೆಲಸವಿದೆ, ಆದರೆ ಅದು ಮಾಂಸದ ಮೇಲಲ್ಲ. ದಬ್ಬೆಗೆ ಎರಡು ಕೋಲು, ಹೊರಲು ಎರಡು ಗಳ ಕಡಿಯುವುದು ಅದರ ಕೆಲಸ. ಮತ್ತೊಂದು ಕಹಿ ಸಂಗತಿಯನ್ನೂ ತಿಳಿದಿರಬೇಕು. ಭಾರತದಲ್ಲಿ ಬಳಕೆಯಲ್ಲಿರುವ ಪ್ರತಿವಿಷ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಎಂಬ ನಾಲ್ಕರ ವಿಷಕ್ಕೆ ತಯಾರಾದದ್ದು. ಘಟ್ಟದ ಕಾಡಿನ ಗುಳಿಮಂಡಲಗಳಿಗೆ ಅದು ಸಲ್ಲದು. ಆದ್ದರಿಂದಲೇ ಮೊಣಕಾಲ ಕೆಳಗಿನ ಎಚ್ಚರ, ಕತ್ತಲಲ್ಲಿ ಟಾರ್ಚು, ಪಾದ ಮುಚ್ಚುವ ಬೂಟು ಯಾವ ಬ್ಲೇಡಿಗಿಂತಲೂ ದೊಡ್ಡ ಔಷಧಿ.

ಹಾವಿಗಿಂತ ಸಣ್ಣದೊಂದು ಜೀವಿಯನ್ನು ಯಾವ ವಿದೇಶಿ ಪಟ್ಟಿಯೂ ಹೆಸರಿಸುವುದಿಲ್ಲ. ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಾಡಿನಲ್ಲಿ 1957ರಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಉಣುಗಿನ ಕಡಿತದಿಂದ ಬರುತ್ತದೆ. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಅದು ಎಷ್ಟು ಮನೆಗಳ ದೀಪ ಆರಿಸಿತೆಂಬುದನ್ನು ಮಲೆನಾಡು ಮರೆತಿಲ್ಲ. ಮಳೆಗಾಲ ಮುಗಿದ ಮೇಲೆ ಬೇಸಿಗೆಯ ಕೊನೆಯವರೆಗೆ, ಅಂದರೆ ಚಾರಣದ ಋತುವಿನಲ್ಲಿಯೇ, ಅದರ ಹಾವಳಿ. ಆರೋಗ್ಯ ಇಲಾಖೆ ಹಂಚುವ ಉಣುಗು ನಿವಾರಕ ಎಣ್ಣೆಯ ಒಂದು ಶೀಶೆ, ಮೈ ಮುಚ್ಚುವ ಬಟ್ಟೆ, ಮನೆಗೆ ಮರಳಿದೊಡನೆ ಬಿಸಿನೀರ ಸ್ನಾನ ಮತ್ತು ಮೈಯ ತಪಾಸಣೆ, ಸತ್ತ ಮಂಗ ಕಂಡಲ್ಲಿಂದ ದೂರ ಸರಿದು ಆರೋಗ್ಯ ಕಾರ್ಯಕರ್ತರಿಗೆ ತಿಳಿಸುವುದು – ಇದು ಈ ನೆಲದ ಸಲಕರಣೆ. ದೇಶಾಂತರದಿಂದ ಬಂದ ಡಬ್ಬಿಗೆ ಇದು ಹೊಳೆಯುವುದಾದರೂ ಹೇಗೆ?

ಬೆಂಕಿಯ ಬಗೆಗೆ ಎರಡು ಮಾತು

ಕಿಡಿ ಹಾರಿಸುವ ಸರಳಿನ ಮೋಹ ಇಂದಿನ ಯುವಕರಲ್ಲಿ ಬಹಳ. ಹಿಮನಾಡಿನಲ್ಲಿ ಬೆಂಕಿಯೇ ಜೀವ. ಘಟ್ಟದಲ್ಲಿ ಲೆಕ್ಕ ಬೇರೆ. ವರ್ಷಕ್ಕೆ ಸರಾಸರಿ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆಗುಂಬೆಯಲ್ಲಿ ಆಷಾಢದ ದಿನ ಕಿಡಿಯನ್ನು ಹಿಡಿಯುವ ಒಣಗಿದ ವಸ್ತುವೇ ಸಿಗದು. ಬೇಸಿಗೆಯಲ್ಲಿ ಸಿಗದ ಜಾಗವೇ ಇಲ್ಲ. ಆಗ ಅದೇ ಕಿಡಿ ಗುಡ್ಡವನ್ನೇ ನುಂಗುತ್ತದೆ. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಸಾವಿರಾರು ಎಕರೆ ಕಾಡು ಉರಿದದ್ದನ್ನು ನಾಡೆಲ್ಲ ಕಂಡಿತು. ಅದಕ್ಕೆ ಒಂದು ವರ್ಷ ಮೊದಲು, 2018ರ ಮಾರ್ಚ್ 11ರಂದು, ತಮಿಳುನಾಡಿನ ತೇಣಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಕಾಡ್ಗಿಚ್ಚಿಗೆ ಸಿಕ್ಕಿ ಇಪ್ಪತ್ತಕ್ಕೂ ಹೆಚ್ಚು ಚಾರಣಿಗರು ಪ್ರಾಣ ಕಳೆದುಕೊಂಡರು. ಯಾವ ಚಾಕು, ಯಾವ ಡಬ್ಬಿ ಅವರನ್ನು ಉಳಿಸಬಲ್ಲುದಾಗಿತ್ತು? ಮಾರ್ಚ್ ತಿಂಗಳ ಒಣಹುಲ್ಲಿನ ಇಳಿಜಾರಿಗೆ ಕಾಲಿಡಬಾರದೆಂಬ ಅರಿವು, ಗುಡ್ಡದ ಬೆಂಕಿ ಇಳಿಯುವುದಕ್ಕಿಂತ ವೇಗವಾಗಿ ಏರುತ್ತದೆಂಬ ತಿಳಿವಳಿಕೆ, ಇಂದು ಬೇಡವೆಂದು ತಡೆಯುವ ಊರಿನವರ ಮಾತು – ಉಳಿಸಬಲ್ಲಂಥವು ಇವು ಮಾತ್ರ. ಇವು ಅಂಗಡಿಯಲ್ಲಿ ಸಿಗುವುದಿಲ್ಲ.

ಹಾಗೆಂದು ಬೆಂಕಿಯ ವಿದ್ಯೆ ಬೇಡವೆಂದಲ್ಲ. ಬಗನಿ ಮರದ ಎಲೆಬುಡದಲ್ಲಿ ಸಿಗುವ ತುಪ್ಪುಳದಂಥ ನಾರು ಕಿಡಿ ಹಿಡಿಯುತ್ತದೆಂಬುದನ್ನೂ, ಸತ್ತು ನಿಂತ ಮರದ ಒದ್ದೆ ತೊಗಟೆಯನ್ನು ಕತ್ತಿಯಿಂದ ಸವರಿ ಸೀಳಿದರೆ ಒಳಗೆ ಒಣ ಕಟ್ಟಿಗೆ ಇರುತ್ತದೆಂಬುದನ್ನೂ ಹಿರಿಯರು ಬಲ್ಲರು. ಅದನ್ನು ಕಲಿಯಬೇಕಾದದ್ದು ಮಳೆಗಾಲದಲ್ಲಿ, ಮನೆಯಂಗಳದಲ್ಲಿ, ಅವರ ಕೈಕೆಳಗೆ. ಬೇಸಿಗೆಯಲ್ಲಿ, ಹುಲ್ಲುಗಾವಲಿನಲ್ಲಿ, ಚಿತ್ರ ತೆಗೆಸಿಕೊಳ್ಳುವುದಕ್ಕಲ್ಲ.

ಹಾಗಾದರೆ ಏನಿರಬೇಕು?

ಖಂಡಿಸುವುದಷ್ಟೇ ಸಾಲದು, ಪರ್ಯಾಯವನ್ನು ಹೇಳಬೇಕು. ಘಟ್ಟದ ಕಾಡಿಗೆ ಹೋಗುವ ವಿದ್ಯಾರ್ಥಿಯ ಸಲಕರಣೆ ಒಂದು ಸಣ್ಣ ಬಟ್ಟೆಚೀಲದಲ್ಲಿ ಹಿಡಿಯಬೇಕು, ಸದಾ ಮೈಮೇಲೆ ಇರಬೇಕು. ಬೆನ್ನುಚೀಲ ಹಳ್ಳದಲ್ಲಿ ತೇಲಿಹೋದರೂ ಅದು ಉಳಿದಿರಬೇಕು.

ಮೊದಲು ಕತ್ತಿ. ಕತ್ತಿ ಒಯ್ಯಲು ಅನುಮತಿಯಿರುವ ಕಡೆಗೆ ಮಾತ್ರ ಅದು ಜೊತೆಗಿರಲಿ. ಕೈಯಗಲದ, ಹಲ್ಲುಗಳಿಲ್ಲದ ನೇರ ಅಲಗು, ಹಿಡಿಯ ತುದಿಯವರೆಗೂ ಸಾಗಿದ ಒಂದೇ ಲೋಹ, ಇಷ್ಟು ಸಾಕು. ಊರಿನ ಕಮ್ಮಾರ ಲಾರಿಯ ಹಳೆಯ ಕಮಾನುಪಟ್ಟಿಯನ್ನು ಕಾಸಿ ಬಡಿದು ಹದಗೊಳಿಸಿದ ಕತ್ತಿ ಆಮದಾದ ಚಾಕುವಿಗೆ ಯಾವುದರಲ್ಲೂ ಕಡಿಮೆಯಿಲ್ಲ. ಅಲಗು ಮೊಂಡಾದರೆ ಹಳ್ಳದ ನುಣುಪುಗಲ್ಲಿನಲ್ಲೂ ಮಸೆಯಬಹುದು. ಮಳೆಗಾಲದಲ್ಲಿ ತುಕ್ಕು ಹಿಡಿಯದಂತೆ ತೆಂಗಿನೆಣ್ಣೆ ಸವರಿದರಾಯಿತು. ಕಮ್ಮಾರನ ಕುಲುಮೆ ಒಂದೊಂದಾಗಿ ಆರುತ್ತಿರುವ ಕಾಲದಲ್ಲಿ ಆ ಹಣ ಅವನ ಕೈ ಸೇರುವುದು ಬೇರೆಯದೇ ಲಾಭ.

ಎರಡನೆಯದು ಮಳೆ-ಗಾಳಿಗೆ ಅಡ್ಡವಾಗುವ ಹೊದಿಕೆ. ದೇಹದ ಶಾಖ 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ನಡುಕ, ತೊದಲು ಮಾತು, ಎಡವುವ ಹೆಜ್ಜೆ, ಕೊನೆಗೆ ವಿವೇಕನಾಶ. ಇದಕ್ಕೆ ಹಿಮವೇ ಬೇಕೆಂದಿಲ್ಲ. ತೊಯ್ದ ಬಟ್ಟೆ ಮತ್ತು ಕುದುರೆಮುಖದ ಬೋಳುಗುಡ್ಡದ ಗಾಳಿ ಸಾಕು. ಆರಡಿ ಉದ್ದದ ದಪ್ಪ ಪ್ಲಾಸ್ಟಿಕ್ ಹಾಳೆ, ಸಾಧ್ಯವಾದರೆ ಒಂದು ಉಣ್ಣೆಯ ವಸ್ತ್ರ. ತೊಯ್ದರೂ ಸ್ವಲ್ಪ ಬೆಚ್ಚಗಿಡುವ ಉಣ್ಣೆಯ ಗುಣವನ್ನು ಕಂಬಳಿಕೊಪ್ಪೆ ತಲೆಮಾರುಗಳಿಂದ ಸಾರುತ್ತಿದೆ. ಹಾಳೆಯನ್ನು ಕಾಡಿನಲ್ಲಿ ಬಿಟ್ಟು ಬರಬಾರದೆಂದು ಬೇರೆ ಹೇಳಬೇಕಿಲ್ಲ.

ಮೂರನೆಯದು ಸೀಟಿ. ಮಲೆನಾಡಿನಲ್ಲಿ ದೂರವನ್ನು ‘ಕೂಗಳತೆ’ಯಲ್ಲಿ ಅಳೆಯುತ್ತಿದ್ದರು; ಒಂದು ಗುಡ್ಡದಿಂದ ಇನ್ನೊಂದು ಗುಡ್ಡಕ್ಕೆ ಕೂ ಹಾಕಿದರೆ ಮರುಕೂಗು ಬರುತ್ತಿತ್ತು. ಗಂಟಲು ಒಂದು ಗಂಟೆಯಲ್ಲಿ ಸೋಲುತ್ತದೆ, ಸೀಟಿ ಸೋಲುವುದಿಲ್ಲ. ಮೂರು ಬಾರಿ ಊದಿ, ನಿಲ್ಲಿಸಿ, ಕಿವಿಗೊಟ್ಟು, ಮತ್ತೆ ಮೂರು ಬಾರಿ. ನಾಲ್ಕನೆಯದು ಟಾರ್ಚು ಮತ್ತು ಬೇರೆಯಾಗಿ ಕಟ್ಟಿಟ್ಟ ಬ್ಯಾಟರಿ. ಐದನೆಯದು ಪಟ್ಟಿಬಟ್ಟೆ, ಹತ್ತಿ, ಸಕ್ಕರೆ-ಉಪ್ಪಿನ ಪುಡಿಯ ಪೊಟ್ಟಣ, ತಾನು ನಿತ್ಯ ತೆಗೆದುಕೊಳ್ಳುವ ಮಾತ್ರೆ. ಆರನೆಯದು ಉಣುಗಿನ ಎಣ್ಣೆ, ಉಂಬಳಕ್ಕೆ ಸುಣ್ಣ ಅಥವಾ ಉಪ್ಪು. ಏಳನೆಯದು ಮೇಣ ಹಚ್ಚಿದ ಕೆಲವು ಬೆಂಕಿಕಡ್ಡಿ, ಒಂದು ತುಂಡು ಮೋಂಬತ್ತಿ, ಮಳೆಗಾಲಕ್ಕೆ ಮಾತ್ರ. ಎಂಟನೆಯದು ನಾಲ್ಕಾರು ಮಾರು ಗಟ್ಟಿ ಹುರಿ. ಜೊತೆಗೆ ಕುದಿಸಿದ ನೀರು.

ಒಂಬತ್ತನೆಯದು ಚೀಲದಲ್ಲಿ ಇರುವುದಿಲ್ಲ. ಅದು ಮನೆಯಲ್ಲಿ ಬಿಟ್ಟು ಬರುವ ಚೀಟಿ. ಯಾವ ದಾರಿ, ಎಷ್ಟು ಜನ, ಯಾವ ಹೊತ್ತಿಗೆ ಮರಳುವುದು, ಮರಳದಿದ್ದರೆ ಯಾರಿಗೆ ತಿಳಿಸುವುದು – ನಾಲ್ಕು ಸಾಲು. ಇಡೀ ಸಲಕರಣೆಯಲ್ಲಿ ಇದಕ್ಕಿಂತ ಹಗುರವಾದದ್ದೂ, ಬೆಲೆಬಾಳುವಂಥದ್ದೂ ಬೇರೊಂದಿಲ್ಲ. 2022ರ ಫೆಬ್ರವರಿಯಲ್ಲಿ ಕೇರಳದ ಮಲಂಪುಳದ ಬಂಡೆಯ ಸೀಳಿನಲ್ಲಿ ಅನ್ನನೀರಿಲ್ಲದೆ ನಲವತ್ತು ಗಂಟೆಗೂ ಹೆಚ್ಚು ಕಾಲ ಸಿಕ್ಕಿಬಿದ್ದ ಯುವಕನೊಬ್ಬ ಬದುಕಿ ಬಂದ. ಅವನು ಅಲ್ಲಿದ್ದಾನೆಂದು ಕೆಳಗಿನವರಿಗೆ ತಿಳಿದಿತ್ತು, ಸೇನೆಯ ಹಗ್ಗ ಅವನವರೆಗೆ ಇಳಿಯಿತು. ಅವನನ್ನು ಉಳಿಸಿದ್ದು ಅವನ ತಾಳ್ಮೆ ಮತ್ತು ಇತರರ ಅರಿವು.

ಎದುರು ವಾದಕ್ಕೆ ಉತ್ತರ

ಬೇಡದ ವಸ್ತು ಡಬ್ಬಿಯಲ್ಲಿದ್ದರೆ ನಷ್ಟವೇನು, ತೂಕವೇನೂ ಹೆಚ್ಚಿಲ್ಲವಲ್ಲ, ಎಂಬ ವಾದ ಕೇಳಿಬರುತ್ತದೆ. ನಷ್ಟ ತೂಕದಲ್ಲಿಲ್ಲ, ಧೈರ್ಯದಲ್ಲಿದೆ. ಡಬ್ಬಿ ಕೊಡುವ ಹುಸಿಧೈರ್ಯ ಮಂಜು ಕವಿದಾಗ ಹಿಂದಿರುಗುವ ಬದಲು ಮುಂದೆ ನಡೆಸುತ್ತದೆ. ಹಳ್ಳದ ನೀರು ಇಳಿಯುವವರೆಗೆ ಕಾಯುವ ಬದಲು ದಾಟಿಸುತ್ತದೆ. ಊರಿನವರನ್ನು ಕೇಳುವ ಬದಲು ಊರನ್ನೇ ಬಳಸಿ ಹೋಗಿಸುತ್ತದೆ. ಕಾಡಿನೆದುರು ಮನುಷ್ಯನನ್ನು ಎದುರಾಳಿಯಾಗಿ ನಿಲ್ಲಿಸುವ ‘ಮ್ಯಾನ್ ವರ್ಸಸ್ ವೈಲ್ಡ್’ನಂಥ ದೂರದರ್ಶನ ಸರಣಿಗಳು ಈ ಹುಸಿಧೈರ್ಯಕ್ಕೆ ನೀರೆರೆದಿವೆ. 2019ರಲ್ಲಿ ಆ ಸರಣಿಯ ನಿರೂಪಕ ಪ್ರಧಾನಮಂತ್ರಿಯೊಂದಿಗೆ ಕಾರ್ಬೆಟ್ ಕಾಡಿನಲ್ಲಿ ಕಾಣಿಸಿಕೊಂಡ. 2020ರ ಜನವರಿಯಲ್ಲಿ ಬಂಡೀಪುರದಲ್ಲಿ ಚಿತ್ರತಾರೆಗಳೊಂದಿಗೆ ಚಿತ್ರೀಕರಣ ನಡೆಸಿದ. ಅಲ್ಲಿ ಛಾಯಾಗ್ರಾಹಕರ ಪಡೆಯಿರುತ್ತದೆ, ವೈದ್ಯರಿರುತ್ತಾರೆ, ವಾಹನವಿರುತ್ತದೆ. ನೋಡುವ ಹುಡುಗನಿಗೆ ಕಾಣುವುದು ಒಬ್ಬ ಮನುಷ್ಯ ಮತ್ತು ಒಂದು ಚಾಕು ಮಾತ್ರ.

ಗುಡ್ಡದ ಕೆಳಗಿನ ಜನರೂ ಈ ವಿಮರ್ಶೆಯಿಂದ ಹೊರಗಿಲ್ಲ. ‘ಹುಟ್ಟಿದ ಕಾಡು, ಏನಾಗುತ್ತದೆ’ ಎಂಬ ಉದಾಸೀನ ಹಳ್ಳಿಗಳಲ್ಲಿದೆ. ಅಜ್ಜನ ಸೊಂಟದ ಕೊಕ್ಕೆ ಅಟ್ಟ ಸೇರಿದೆ, ಮೊಮ್ಮಗ ಬರಿಯ ಮೊಬೈಲು ಹಿಡಿದು, ಚಪ್ಪಲಿ ಮೆಟ್ಟಿ ಸೊಪ್ಪಿನ ಬೆಟ್ಟಕ್ಕೆ ಹೋಗುತ್ತಾನೆ. ಘಟ್ಟದ ಕಣಿವೆಗಳಲ್ಲಿ ಮೊಬೈಲಿಗೆ ಸಂಕೇತ ಸಿಗುವುದು ದೈವಕೃಪೆ. ಉಣುಗಿನ ಎಣ್ಣೆಯ ಶೀಶೆ ಹಲವು ಮನೆಗಳಲ್ಲಿ ಮುಚ್ಚಳ ತೆರೆಯದೆ ಉಳಿಯುತ್ತದೆ. ಪರಂಪರೆಯ ಹೆಮ್ಮೆ ಒಂದು ಸಲಕರಣೆಯಲ್ಲ.

ಗೇಟಿನ ಬಳಿಯ ನ್ಯಾಯ

ಕೊನೆಯ ಮಾತು ಕತ್ತಿಯ ಮಾನಕ್ಕೆ ಸಂಬಂಧಿಸಿದ್ದು. ಕಾಯ್ದೆಯ ಅಕ್ಷರಕ್ಕೆ ಪ್ರವಾಸಿಯ ಚಾಕುವೂ ಒಂದೇ, ಜೇನು ಇಳಿಸುವವನ ಕತ್ತಿಯೂ ಒಂದೇ. ಆದರೆ ದಿನವೂ ಅದೇ ದಾರಿಯಲ್ಲಿ ನಡೆಯುವವನು ಕಾಡಿನ ಮಗ; ಸೊಂಟದ ಮೇಲೆ ಎದ್ದು ಕಾಣುವಂತೆ ಕತ್ತಿ ತೂಗುವವನೂ ಅವನೇ. ಕಾನೂನಿನ ಭಾರ ಅವನ ಮೇಲೆಯೇ ಬೀಳುತ್ತದೆ. ಅರಣ್ಯ ಹಕ್ಕು ಕಾಯ್ದೆ, 2006 ಕಿರು ಅರಣ್ಯ ಉತ್ಪನ್ನಗಳನ್ನು ಸಂಗ್ರಹಿಸುವ ಹಕ್ಕನ್ನು ಒಪ್ಪಿದೆ. 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಸಮುದಾಯ ಹಕ್ಕುಗಳಿಗೆ ಮಾನ್ಯತೆ ದೊರೆಯಿತು. ಸಂಗ್ರಹಿಸುವ ಹಕ್ಕಿದ್ದು ಸಂಗ್ರಹಿಸುವ ಕತ್ತಿಗೆ ಹಕ್ಕಿಲ್ಲವೆಂದರೆ ಅದು ಕೈ ಕಟ್ಟಿ ಉಣ್ಣಲು ಬಡಿಸಿದಂತೆ. ಗ್ರಾಮಸಭೆಯ ನಿರ್ಣಯದ ಆಧಾರದ ಮೇಲೆ ದುಡಿಮೆಯ ಕತ್ತಿಗೆ ಇಲಾಖೆ ಲಿಖಿತ ಅನುಮತಿ ಕೊಡಲಿ. ಅದೇ ಗೇಟಿನಲ್ಲಿ ಉರುಳಿನ ತಂತಿ ಮತ್ತು ಗಾಳಗಳಿರುವ ಡಬ್ಬಿಯನ್ನು, ಅದು ಯಾರ ಚೀಲದಲ್ಲಿದ್ದರೂ, ತೆಗೆದಿರಿಸಿಕೊಳ್ಳಲಿ.

2024ರ ಜನವರಿ ಕೊನೆಯಲ್ಲಿ ಕುಮಾರಪರ್ವತದ ದಾರಿಯಲ್ಲಿ ಸಾವಿರಾರು ಜನ ಒಮ್ಮೆಲೇ ಕಿಕ್ಕಿರಿದಾಗ ಸರ್ಕಾರ ಎಚ್ಚೆತ್ತು ಚಾರಣಗಳಿಗೆ ತಡೆಯೊಡ್ಡಿತು. ಬಳಿಕ ಮುಂಗಡ ನೋಂದಣಿ ಮತ್ತು ದಿನಕ್ಕಿಷ್ಟೇ ಜನರೆಂಬ ಮಿತಿಯನ್ನು ತಂದಿತು. ಅದು ಸ್ವಾಗತಾರ್ಹ. ಎಣಿಕೆಯ ಜೊತೆಗೆ ಕಲಿಕೆಯೂ ಬೇಕು. ನೋಂದಾಯಿಸಿದ ಪ್ರತಿಯೊಬ್ಬನಿಗೂ ಬೆಟ್ಟದ ಬುಡದಲ್ಲಿ ಊರಿನ ಮಾರ್ಗದರ್ಶಕನಿಂದ ಅರ್ಧ ಗಂಟೆಯ ಪಾಠ ಕಡ್ಡಾಯವಾಗಲಿ: ಈ ವಾರ ಹಳ್ಳ ಹೇಗಿದೆ, ಹುಲ್ಲು ಒಣಗಿದೆಯೇ, ಆನೆ ಎಲ್ಲಿದೆ, ಪ್ರತಿವಿಷವಿರುವ ಆಸ್ಪತ್ರೆ ಯಾವುದು. ಮಲೆನಾಡಿನ ಶಾಲೆ-ಕಾಲೇಜುಗಳು ವರ್ಷಕ್ಕೊಮ್ಮೆಯಾದರೂ ಒಬ್ಬ ಕಮ್ಮಾರನನ್ನು, ಒಬ್ಬ ಜೇನು ಕೀಳುವವನನ್ನು, ಒಬ್ಬ ಆಶಾ ಕಾರ್ಯಕರ್ತೆಯನ್ನು ಗುರುಗಳಾಗಿ ಕರೆಸಿ, ಮೇಲೆ ಹೇಳಿದ ಬಟ್ಟೆಚೀಲವನ್ನು ವಿದ್ಯಾರ್ಥಿಗಳ ಕೈಯಿಂದಲೇ ಜೋಡಿಸಲಿ. ಸೀಟಿ, ಹುರಿ, ಪಟ್ಟಿಬಟ್ಟೆ, ಸುಣ್ಣದ ಡಬ್ಬಿ – ಯಾವುದೂ ಊರಿನ ಸಂತೆಯಲ್ಲಿ ಸಿಗದ ವಸ್ತುವಲ್ಲ.

ಕಾಡು ಯಾರ ಶತ್ರುವೂ ಅಲ್ಲ. ಅದು ಕೆಲವರ ಮನೆ, ಹಲವರ ದುಡಿಮೆಯ ತಾಣ, ಉಳಿದವರಿಗೆ ನೆಂಟರ ಮನೆ. ನೆಂಟರ ಮನೆಗೆ ಹೋಗುವವನು ಮೊದಲು ಬರುವ ಸುದ್ದಿ ಕಳುಹಿಸುತ್ತಾನೆ, ಬಾಗಿಲಲ್ಲಿ ಕೂಗುತ್ತಾನೆ, ಕೈಕಾಲು ತೊಳೆಯುತ್ತಾನೆ, ಒಲೆಗೆ ತಾನಾಗಿ ಬೆಂಕಿ ಹಚ್ಚುವುದಿಲ್ಲ. ಸೊಂಟದಲ್ಲಿ ಕತ್ತಿಯಿದ್ದರೂ ಅದನ್ನು ಕೊಕ್ಕೆಯಲ್ಲಿಯೇ ಇಟ್ಟುಕೊಳ್ಳುತ್ತಾನೆ. ಇಷ್ಟನ್ನು ಬಲ್ಲವನಿಗೆ ಪುಟ್ಟ ಬಟ್ಟೆಚೀಲ ಸಾಕು. ಅರಿಯದವನಿಗೆ ಜಗತ್ತಿನ ಯಾವ ಡಬ್ಬಿಯೂ ಸಾಲದು.